ಎರೆಸೀಮೆಯ ಮನೆಯಲ್ಲಿ ಆರ್ಕಿಡ್

ಮುಂಗಾರಿನ ಆರಂಭದಲ್ಲಿ ಮಲೆನಾಡಿನ ಮರಗಳ ಕೊಂಬೆಗಳಿಂದ ಜೋಲುವ ಸೀತಾಳೆಯ ದಂಡೆಗಳನ್ನು ಕಂಡವರು ಅವನ್ನು ಮರೆಯಲಾರರು. ಸೀತಾಳೆಯು ಆರ್ಕಿಡ್ ಎಂಬ ಬಹು ದೊಡ್ಡ ಸಸ್ಯಕುಟುಂಬಕ್ಕೆ ಸೇರಿದುದು. ಆ ಕುಟುಂಬದ ಇನ್ನೊಂದು ಗಿಡವಾದ ಫೆಲನಾಪ್ಸಿಸ್ ಇಂದು ನರ್ಸರಿಗಳಲ್ಲಿ ಸುಲಭವಾಗಿ ದೊರೆಯುವುದು. ಅದನ್ನು ಕೊಂಡು ತಂದು ರೋಣ, ನರಗುಂದ, ಗಜೇಂದ್ರಗಡಗಳ ಮನೆಗಳಲ್ಲಿ ಇರಿಸಿದರೆ ಬಹುಮಟ್ಟಿಗೆ ಒಂದು ಬೇಸಿಗೆಯನ್ನೂ ದಾಟದು. ಆಗ, 'ಇದು ನಮ್ಮ ಸೀಮೆಗೆ ಒಗ್ಗದ ಗಿಡ' ಎಂದು ತೀರ್ಪು ಕೊಡುವುದು ವಾಡಿಕೆ. ಈ ತೀರ್ಪು ಆತುರದ್ದೆಂದು ನಮ್ಮ ಅಭಿಪ್ರಾಯ. ವಾಚಕರು ತಮ್ಮ ಭೌತಶಾಸ್ತ್ರದ ಪಠ್ಯದಲ್ಲಿ ಓದಿರುವ ಕೆಲವು ನಿಯಮಗಳನ್ನು ಇಲ್ಲಿ ಅನ್ವಯಿಸಿ ನೋಡೋಣ.

ಮರದ ಮೇಲೆ ಬೆಳೆಯುವ ಆರ್ಕಿಡ್ ಬದನಿಕೆಯಂತೆ ಪರೋಪಜೀವಿಯೆಂದು ಅನೇಕರು ತಿಳಿದಿರುವರು. ಬದನಿಕೆಯು ಕೊಂಬೆಯ ಒಳಕ್ಕೆ ಬೇರಿಳಿಸಿ ರಸವನ್ನು ಹೀರುವುದು. ಆರ್ಕಿಡ್ ತೊಗಟೆಯನ್ನು ಕೇವಲ ಆಸರೆಯಾಗಿ ಹಿಡಿದಿರುವುದು. ಅದರ ಬೇರುಗಳು ಗಾಳಿಯಲ್ಲೇ ತೂಗಾಡುತ್ತ ಮಳೆ, ಮಂಜುಗಳ ನೀರನ್ನು ಹಿಡಿದುಕೊಳ್ಳಬೇಕು. ಇದಕ್ಕಾಗಿ ಬೇರಿನ ಸುತ್ತ ವೆಲಾಮೆನ್ ಎಂಬ, ಸತ್ತ ಜೀವಕೋಶಗಳ, ಸ್ಪಂಜಿನಂಥ ಹೊದಿಕೆಯಿದೆ. ನೀರು ತಾಗಿದೊಡನೆ ಕೇಶಾಕರ್ಷಣದಿಂದ ಅದು ಒಳಸೇರುವುದು.

ಒಣಗಿರುವಾಗ ಈ ಬೇರು ಬೆಳ್ಳಿಯಂತೆ ಬೆಳ್ಳಗೆ ಕಾಣುವುದು. ನೀರು ಹನಿಸಿದರೆ ನೋಡನೋಡುತ್ತಲೇ ಹಸುರಾಗುವುದು. ಏಕೆ? ಒಣ ಹೊದಿಕೆಯ ಕೋಶಗಳಲ್ಲಿ ಗಾಳಿ ತುಂಬಿದೆ. ಗಾಳಿಗೂ ಕೋಶದ ಗೋಡೆಗೂ ವಕ್ರೀಭವನಾಂಕದಲ್ಲಿ ಬಹಳ ಅಂತರವಿರುವುದರಿಂದ ಬೆಳಕು ಪ್ರತಿ ಗೋಡೆಯಲ್ಲಿಯೂ ಚದರಿ ಹಿಂದಿರುಗುವುದು. ಗಾಳಿಯ ಸ್ಥಳವನ್ನು ನೀರು ಆಕ್ರಮಿಸಿದಾಗ ಆ ಅಂತರ ತಗ್ಗಿ, ಹೊದಿಕೆಯು ಪಾರಭಾಸಕವಾಗಿ, ಒಳಗಿನ ಹಸುರು ಹೊರಗೆ ತೋರುವುದು. ಎಣ್ಣೆ ಬಿದ್ದ ಕಾಗದದಲ್ಲಿ ಬೆಳಕು ಹಾಯುವುದೂ ಇದೇ ಕಾರಣದಿಂದ. ನೀರೆರೆಯುವವನಿಗೆ ಇದಕ್ಕಿಂತ ಉತ್ತಮ ಮಾಪಕ ಬೇಕಿಲ್ಲ. 'ವಾರಕ್ಕೆರಡು ಬಾರಿ' ಎಂಬಂಥ ನಿಯಮಗಳನ್ನು ನಾವು ನಂಬುವುದಿಲ್ಲ. ಪಾರದರ್ಶಕ ಕುಂಡದಲ್ಲಿ ಗಿಡವಿಟ್ಟು, ಬೇರು ಬೆಳ್ಳಗಾದಾಗ ಬೆಳಗಿನ ಹೊತ್ತು ಚೆನ್ನಾಗಿ ನೀರು ಹಾಯಿಸಿ, ಪೂರ್ಣವಾಗಿ ಬಸಿದುಹೋಗಲು ಬಿಡಬೇಕು.

ನಮ್ಮ ಎರೆಮಣ್ಣನ್ನು ಮಾತ್ರ ಕುಂಡಕ್ಕೆ ತುಂಬಕೂಡದು. ಹತ್ತಿಗೂ ಬಿಳಿಜೋಳಕ್ಕೂ ಅದು ತಾಯಿಯಂಥದು; ಏಕೆಂದರೆ ಅದರ ಅತಿ ಸೂಕ್ಷ್ಮ ಕಣಗಳು ನೀರನ್ನು ಬಹುದಿನ ಹಿಡಿದಿಡುವುವು. ಆರ್ಕಿಡ್‌ಗೆ ಆ ಗುಣವೇ ಮೃತ್ಯು. ಬೇರಿಗೆ ಆಮ್ಲಜನಕ ಬೇಕು. ಅದು ನೀರಿನಲ್ಲಿ ಹರಡುವ ವೇಗವು ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ತೊಗಟೆಯ ತುಂಡು, ಇದ್ದಲಿ, ಇಟ್ಟಂಗಿಯ ಚೂರು, ತೆಂಗಿನ ಸಿಪ್ಪೆ ಸಾಕು.

ಇನ್ನು ಗಾಳಿಯ ತೇವ. ನಿಜವಾದ ತೊಡಕು ಇರುವುದು ಇಲ್ಲಿಯೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಗದಗ ಜಿಲ್ಲೆಗೆ ಸುಮಾರು 600 ಮಾತ್ರ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿಯು 51 ಗ್ರಾಂ ನೀರಾವಿಯನ್ನು ಧರಿಸಬಲ್ಲುದು. ಬೇಸಿಗೆಯ ಮಧ್ಯಾಹ್ನ ಅದರಲ್ಲಿ 10 ಗ್ರಾಂ ಮಾತ್ರ ಇದೆಯೆನ್ನೋಣ. ಸಾಪೇಕ್ಷ ಆರ್ದ್ರತೆ ಶೇಕಡಾ 20 ಆಯಿತು. ಫೆಲನಾಪ್ಸಿಸ್‌ಗೆ ಬೇಕಾದುದು 50ರಿಂದ 70. ಮೂರು ಮೀಟರ್ ಉದ್ದ, ಅಗಲ, ಎತ್ತರಗಳ ಕೋಣೆಯನ್ನು ಅದೇ ಉಷ್ಣತೆಯಲ್ಲಿ ಶೇಕಡಾ 60ಕ್ಕೆ ಏರಿಸಲು ಅರ್ಧ ಲೀಟರಿಗೆ ಮೇಲ್ಪಟ್ಟು ನೀರು ಆವಿಯಾಗಬೇಕು. ಕಿಟಕಿಯ ಗಾಳಿ ಬದಲಾದಂತೆಲ್ಲ ಮತ್ತೆ ಅಷ್ಟೇ ನೀರು. ಆದುದರಿಂದ ಇಡೀ ಕೋಣೆಯನ್ನು ಬಿಟ್ಟು ಗಿಡದ ಮೂಲೆಯನ್ನಷ್ಟೇ ತಂಪಾಗಿಡುವುದು ಜಾಣತನ. ಎಲೆಗೆ ನೀರು ಸಿಂಪಡಿಸಿದರೆ ನಿಮಿಷಗಳಲ್ಲಿ ಆರುವುದು. ನೀರಿನ ಹರವಿಯ ಬಳಿ ಕುಂಡಗಳನ್ನು ಗುಂಪಾಗಿರಿಸಿ, ಪಕ್ಕದಲ್ಲಿ ಒದ್ದೆ ಗೋಣಿತಟ್ಟನ್ನು ತೂಗುಹಾಕುವುದು ಮೇಲು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೌಲ್ ಉಷ್ಣವನ್ನು ಹೀರುವುದರಿಂದ ತೇವದೊಡನೆ ತಂಪೂ ದೊರೆಯುವುದು. ಎರಡು ಉಷ್ಣಮಾಪಕಗಳನ್ನು ತೂಗಿಸಿ, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ವಿದ್ಯಾರ್ಥಿಗಳೇ ಪರೀಕ್ಷಿಸಬಹುದು: ಮೇಲೆ ಹೇಳಿದ ಗಾಳಿಯಲ್ಲಿ ಒಂದು 40 ತೋರಿದರೆ ಇನ್ನೊಂದು 23ರ ಆಸುಪಾಸಿಗೆ ಇಳಿಯುವುದು.

ಗಿಡವೂ ಈ ವಿಷಯದಲ್ಲಿ ಜಾಣ. ಫೆಲನಾಪ್ಸಿಸ್ ಬಹುಮಟ್ಟಿಗೆ ರಾತ್ರಿಯೇ ಪತ್ರರಂಧ್ರಗಳನ್ನು ತೆರೆದು, ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲಿನಲ್ಲಿ ಬೆಳಕಿನಿಂದ ಅದನ್ನು ಸಕ್ಕರೆಯಾಗಿಸಿಕೊಳ್ಳುವುದು. ಅದೇ 10 ಗ್ರಾಂ ಆವಿಯಿರುವ ಗಾಳಿ ರಾತ್ರಿ 24 ಡಿಗ್ರಿಗೆ ತಣಿದರೆ ಆರ್ದ್ರತೆ ಶೇಕಡಾ 45ಕ್ಕೇರುವುದು. ಸಂಜೆ ಗೋಣಿಯನ್ನು ಮತ್ತೊಮ್ಮೆ ತೋಯಿಸುವುದು ಇದಕ್ಕಾಗಿ.

ನಮ್ಮ ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆ ಗಿಡಕ್ಕೆ ಅನುಕೂಲ; ಆದರೆ ಒಳಗೆ ಬೆಳಕು ಕಡಿಮೆ. ಕಣ್ಣಿನ ಪಾಪೆ ಹಿಗ್ಗಿ ನಮ್ಮನ್ನು ವಂಚಿಸುವುದು. ಹೊರಗೆ ಬಿಸಿಲು ಲಕ್ಷ ಲಕ್ಸ್ ಇದ್ದರೆ ಪಡಸಾಲೆಯ ಒಳಗೆ ಕೆಲವು ನೂರು ಮಾತ್ರ ಇರಬಹುದು. ಗಿಡಕ್ಕೆ ಬೇಕಾದುದು ಸುಮಾರು ಹತ್ತು ಸಾವಿರ. ಎಲೆಯ ಮೇಲೆ ಅಂಗೈ ಹಿಡಿದು ನೋಡಿರಿ. ನೆರಳಿನ ಅಂಚು ಚೂಪಾಗಿದ್ದರೆ ಬೆಳಕು ಹೆಚ್ಚು, ನೆರಳೇ ಬೀಳದಿದ್ದರೆ ಕಡಿಮೆ, ಮಸುಕಾಗಿ ಬಿದ್ದರೆ ಸರಿ. ಪೂರ್ವದ ಕಿಟಕಿಯಾಗಲಿ, ಬೆಳಕಿಂಡಿಯ ಕೆಳಗೆ ನೇರ ಬಿಸಿಲು ತಾಗದ ಜಾಗವಾಗಲಿ ಒಳ್ಳೆಯದು.

ಸವಳು ನೀರು ಆರ್ಕಿಡ್‌ಗೆ ಆಗದು. ನೀರು ಆರಿದ ಮೇಲೆ ಲವಣ ಉಳಿದು, ಪರಾಸರಣದಿಂದ ಬೇರಿನ ನೀರನ್ನೇ ಹೊರಕ್ಕೆಳೆಯುವುದು. ಕುದಿಸಿದರೆ ಲವಣ ಹೋಗದು, ಮತ್ತಷ್ಟು ಸಾಂದ್ರವಾದೀತು. ಮಾಳಿಗೆಯ ಮಳೆನೀರನ್ನು ಮುಚ್ಚಿಡಬೇಕು, ಇಲ್ಲವೆ ಶುದ್ಧೀಕರಣ ಘಟಕದ ಕುಡಿಯುವ ನೀರನ್ನು ತರಬೇಕು. ಘಟಕವು ಹೊರಬಿಡುವ ನೀರನ್ನಲ್ಲ.

ಕಾಡಿನ ಸೀತಾಳೆಯನ್ನು ಕಿತ್ತು ತರುವ ಚಾಪಲ್ಯ ಬೇಡ. ಆರ್ಕಿಡ್ ಬೀಜದಲ್ಲಿ ಆಹಾರದ ಸಂಗ್ರಹವಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರದ ನೆರವಿಲ್ಲದೆ ಅದರ ಸಸಿ ಬೆಳೆಯದು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಿದಂದಿನಿಂದ ಪ್ರಯೋಗಶಾಲೆಯ ಸಸಿಗಳು ದೊರೆಯುತ್ತಿವೆ.

ಹೂವಿನ ವಿಷಯದಲ್ಲಿ ನಮ್ಮ ಹವೆಯೇ ಸಹಾಯಕ. ಫೆಲನಾಪ್ಸಿಸ್ ಹೂಗೊನೆ ತೆಗೆಯಲು ಕೆಲವು ವಾರಗಳ ತಂಪು ಬೇಕು. ಮಾರ್ಗಶಿರ, ಪುಷ್ಯಗಳ ಚಳಿ ಅದನ್ನು ತಾನಾಗಿಯೇ ಒದಗಿಸುವುದು. ಆಗ ಗಿಡವನ್ನು ರಾತ್ರಿ ಕಿಟಕಿಯ ಬಳಿಯೇ ಬಿಡಬೇಕು. ಎಲೆಯ ಬುಡದಿಂದ ತುದಿ ಚೂಪಾದ ಹಸುರು ಮೊಳಕೆಯೊಂದು ಹೊರಟರೆ ಅದು ಬೇರಲ್ಲ, ಹೂಗೊನೆ. ಅದಕ್ಕೆ ಸಣ್ಣ ಕಡ್ಡಿಯ ಆಸರೆ ಕಟ್ಟಿ, ಕುಂಡದ ದಿಕ್ಕನ್ನು ಬದಲಿಸದೆ ಇರಿಸಬೇಕು.