ಹಳೆಯ ಗ್ರಂಥಗಳಿಗೆ ಟಿಪ್ಪಣಿ ಬರೆಯುವ ವಿಷಯ

ಹಳೆಯ ಗ್ರಂಥವನ್ನು ತಿರಿಗಿ ಅಚ್ಚುಹಾಕಿಸುವಾಗ ಪುಟದ ಕೆಳಗೆ ವಿವರಣೆಯ ಟಿಪ್ಪಣಿಗಳನ್ನು ಸೇರಿಸುವದು ಯುಕ್ತವೋ ಎಂದು ಸಭೆಯವರಲ್ಲಿ ಕೆಲವರು ಸಂದೇಹಪಡುತ್ತಾರೆ. ದೇವರ ವಾಕ್ಯಕ್ಕೆ ಒಂದನ್ನೂ ಕೂಡಿಸಬಾರದೆಂಬ ಭಯವು ಒಳ್ಳೇ ಭಯವೇ. ಆದರೆ ಸತ್ಯವೇದವು ತಾನೇ ಈ ವಿಷಯದಲ್ಲಿ ಯಾವ ದಾರಿ ತೋರಿಸುತ್ತದೆಂಬದನ್ನು ಮೊದಲು ನೋಡೋಣ.

ರೂತಳ ಗ್ರಂಥದ 4ನೇ ಅಧ್ಯಾಯದಲ್ಲಿ ಸಮೀಪಬಂಧುವು ಊರಬಾಗಲಲ್ಲಿ ಹಿರಿಯರ ಮುಂದೆ ತನ್ನ ಕೆರವನ್ನು ತೆಗೆದನಷ್ಟೆ. ನಮ್ಮ ಹಳ್ಳಿಗಳಲ್ಲಿ ಪಂಚಾಯಿತರ ಮುಂದೆ ಒಬ್ಬನು ಕೆರವನ್ನು ಕೈಗೆ ತಕ್ಕೊಂಡರೆ ಜಗಳಕ್ಕೆ ನಿಂತನೆಂದೇ ತಿಳಿಯುವೆವು. ಅಲ್ಲಿಯೋ ಅದು ಹಕ್ಕನ್ನು ಬಿಟ್ಟುಕೊಟ್ಟದ್ದಕ್ಕೆ ಸಾಕ್ಷಿ, ನಮ್ಮ ಕ್ರಯಪತ್ರದ ರುಜುವಿನ ಹಾಗೆ. ಗ್ರಂಥಕರ್ತನ ಕಾಲಕ್ಕಾಗಲೇ ಆ ವಾಡಿಕೆಯು ಹಳೆಯದಾಗಿದ್ದರಿಂದ ಅವನು 7ನೇ ವಚನದಲ್ಲಿ ಅದನ್ನು ವಿವರಿಸುತ್ತಾನೆ. 1 ಸಮುವೇಲ 9:9ರಲ್ಲಿ ಪ್ರವಾದಿಗೆ ಪೂರ್ವದಲ್ಲಿದ್ದ ಹೆಸರೂ ಮಾರ್ಕ 7ರಲ್ಲಿ ಯೆಹೂದ್ಯರು ಕೈ ತೊಳೆಯುವ ಆಚಾರವೂ ಹೀಗೆಯೇ ವಿವರಿಸಲ್ಪಟ್ಟಿವೆ.

ಇದರ ಲಾಭವು ಅಲ್ಪವಲ್ಲ. ಮತ್ತಾಯ 18ರ ಸಾಮ್ಯದಲ್ಲಿ ಒಬ್ಬ ಆಳಿಗೆ ಹತ್ತು ಸಾವಿರ ತಲಾಂತು ಸಾಲವಿತ್ತು. ಅವನ ಜೊತೆಯಾಳು ಅವನಿಗೆ ನೂರು ದೇನಾರಿ ಕೊಡಬೇಕಾಗಿತ್ತು. ದೇನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದೇನಾರಿ. ಹಾಗಾದರೆ ಜೊತೆಯಾಳಿನ ಸಾಲವು ಮೂರು ನಾಲ್ಕು ತಿಂಗಳ ದುಡಿತದಲ್ಲಿ ತೀರುವಂಥದ್ದು. ಮೊದಲನೆಯವನದೋ 6 ಕೋಟಿ ದಿನಗಳ ಕೂಲಿ. ಸಾಲವೆಂದರೇನೆಂದು ಬಲ್ಲ ನಮ್ಮ ಜನರಿಗೆ ಈ ಒಂದು ಲೆಕ್ಕವು ಸಾಕು. ಅರಸನು ಬಿಟ್ಟದ್ದು ಎಷ್ಟೆಂದೂ, ತಾಳಿಕೊಂಡರೆ ಎಲ್ಲಾ ತೀರಿಸುವೆನೆಂಬ ಆಳಿನ ಮಾತು ಎಷ್ಟು ಬರಿದೆಂದೂ ತಾವೇ ಕಂಡುಕೊಳ್ಳುವರು.

ಅಪಾಯವೂ ಉಂಟು. 1560ರಲ್ಲಿ ಜಿನೀವದಲ್ಲಿ ಅಚ್ಚಾದ ಇಂಗ್ಲಿಷ್ ಸತ್ಯವೇದದ ಅಂಚಿನ ತುಂಬಾ ಟಿಪ್ಪಣಿಗಳಿದ್ದವು. ಇಬ್ರಿಯ ಸೂಲಗಿತ್ತಿಯರು ಫರೋಹನ ಅಪ್ಪಣೆಯನ್ನು ಮೀರಿದ್ದು ನ್ಯಾಯವೇ ಎಂದು ಅವುಗಳಲ್ಲೊಂದು ಹೇಳಿತು. ಅರಸನಾದ ಜೇಮ್ಸನು 1604ರಲ್ಲಿ ಇದನ್ನು ಆಕ್ಷೇಪಿಸಿದನು. 1611ರಲ್ಲಿ ಹೊರಟ ಹೊಸ ಭಾಷಾಂತರಕ್ಕೆ ಇಬ್ರಿಯ ಗ್ರೀಕ್ ಶಬ್ದಗಳ ವಿವರಣೆಯ ಹೊರತು ಅಂಚಿನಲ್ಲಿ ಟಿಪ್ಪಣಿಯಿರಕೂಡದೆಂದು ನಿಯಮವಾಯಿತು. ಅರಸನ ಪಕ್ಷವನ್ನು ನಾವು ಹಿಡಿಯುವದಿಲ್ಲ. ಕೂಸುಗಳನ್ನು ಉಳಿಸಿದ ಆ ಸ್ತ್ರೀಯರದೇ ಸರಿ. ಆದರೂ ಕೆರದ ವಾಡಿಕೆ ಇಂಥದ್ದೆಂದು ತಿಳಿಸುವದು ಬೇರೆ, ಒಬ್ಬರು ಮಾಡಿದ್ದು ನ್ಯಾಯವೆಂದು ತೀರ್ಪು ಕೊಡುವದು ಬೇರೆ. 1804ರಲ್ಲಿ ಲಂಡನಿನಲ್ಲಿ ಸತ್ಯವೇದ ಸಂಘವು ಹುಟ್ಟಿದಾಗ, ನಾನಾ ಸಭೆಗಳವರು ಅದರಲ್ಲಿ ಕೂಡಿದ್ದರಿಂದ, ಟಿಪ್ಪಣಿಯಿಲ್ಲದ ಗ್ರಂಥವನ್ನೇ ಹಂಚಬೇಕೆಂದು ನಿಶ್ಚಯಿಸಿದರು.

ಪುಟದಲ್ಲಿ ಮೂಲಕ್ಕೂ ಟಿಪ್ಪಣಿಗೂ ನಡುವೆ ಒಂದು ಗೆರೆ ಇರುತ್ತದೆ. ಕೂಟದಲ್ಲಿ ಕೂತು ಕೇಳುವವರಿಗೆ ಆ ಗೆರೆ ಕಾಣಿಸದು. ಆದ ಕಾರಣ ಗಟ್ಟಿಯಾಗಿ ಓದುವ ಸಹೋದರರು ವಚನಗಳನ್ನು ಪೂರಾ ಓದಿ, ಸ್ವಲ್ಪ ನಿಂತು, ಇನ್ನು ಓದುವದು ಟಿಪ್ಪಣಿಯೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಅದನ್ನು ಓದಲಿ.