ಮೊದಲ ಪ್ರೋಗ್ರಾಮ್ ನೀವೇ ಬರೆಯಿರಿ

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದವರಿರಲಿ, ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಬಿಸಿಎ ಓದುವವರಿರಲಿ, ಬಹಳಷ್ಟು ಮಕ್ಕಳಿಗೆ ಪ್ರೋಗ್ರಾಮಿಂಗ್ ಹೊಸತು. ಮನೆಯಲ್ಲಿ ಕಂಪ್ಯೂಟರ್ ಇರುವುದಿಲ್ಲ, ಲ್ಯಾಬ್ ರೆಕಾರ್ಡ್ ನಾಳೆಯೇ ಒಪ್ಪಿಸಬೇಕು. ಸೀನಿಯರ್ ರೆಕಾರ್ಡಿನ ಜೆರಾಕ್ಸ್ ಕೈಗೆ ಬರುವುದು ಇಂಥ ಹೊತ್ತಿನಲ್ಲೇ. ಅದನ್ನು ಬದಿಗಿಟ್ಟು ಹೀಗೆ ಮಾಡಿ.

ಮೊದಲು ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸಿ. ವಿಟಿಯು ಸಿ ಲ್ಯಾಬಿನ ವಿದ್ಯುತ್ ಬಿಲ್ ಪ್ರೋಗ್ರಾಮನ್ನೇ ನೋಡಿ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, ಆಮೇಲೆ ಯೂನಿಟ್‌ಗೆ 1 ರೂಪಾಯಿ; ಮೀಟರ್ ಶುಲ್ಕ 100 ರೂಪಾಯಿ; ಒಟ್ಟು 400 ರೂಪಾಯಿ ದಾಟಿದರೆ ಶೇ 15 ಹೆಚ್ಚುವರಿ. (ಇದು ಪಾಠದ ದರ, ಹೆಸ್ಕಾಂ ದರವಲ್ಲ.) 350 ಯೂನಿಟ್‌ಗೆ ಲೆಕ್ಕ ಹಾಕಿ: ಸರಿಯಾಗಿ 400 ರೂಪಾಯಿ, ಹೆಚ್ಚುವರಿ ಇಲ್ಲ. 351ಕ್ಕೆ 461 ರೂಪಾಯಿ 15 ಪೈಸೆ. ಷರತ್ತಿನಲ್ಲಿ ‘400ಕ್ಕಿಂತ ಹೆಚ್ಚು’ ಎನ್ನುವ ಕಡೆ ‘400 ಅಥವಾ ಹೆಚ್ಚು’ ಎಂದು ಬರೆದರೆ 350 ಯೂನಿಟ್‌ನ ಬಿಲ್ 460 ಆಗುತ್ತದೆ. ವೈವಾದಲ್ಲಿ ಈ 60 ರೂಪಾಯಿ ಎಲ್ಲಿಂದ ಬಂತೆಂದು ಕೇಳಿದರೆ, ಬರೆದವರು ಹೇಳುತ್ತಾರೆ. ನೋಡಿ ಬರೆದವರು ತಡಬಡಿಸುತ್ತಾರೆ. ಒಂದು ಸಾಲು ಬದಲಿಸಿದರೆ ಉತ್ತರ ಏನಾಗುತ್ತದೆಂದು ಹೇಳಬಲ್ಲಿರಾದರೆ ಪ್ರೋಗ್ರಾಮ್ ನಿಮ್ಮದು.

ಗೆಳೆಯರ ಜೊತೆ ಚರ್ಚಿಸುವುದು ತಪ್ಪಲ್ಲ, ಚರ್ಚಿಸದೆ ಕಲಿಯುವುದೇ ಕಷ್ಟ. ಆದರೆ ಮಾತು ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ. ಯಾರಿಂದ ಏನು ತಿಳಿದುಕೊಂಡಿರೆಂಬುದನ್ನು ಪ್ರೋಗ್ರಾಮಿನ ಮೇಲೆಯೇ ಒಂದು ಸಾಲಿನಲ್ಲಿ ಬರೆದಿಡಿ. ವಾಟ್ಸ್‌ಆ್ಯಪ್ ಗುಂಪಿಗೆ ನಿಮ್ಮ ಕೋಡ್ ಹಾಕಬೇಡಿ. ಕೇಳಿದವರ ಪಕ್ಕ ಕೂತು ಅವರ ಕೋಡಿನ ತಪ್ಪು ತೋರಿಸಿ, ಅದೇ ನಿಜವಾದ ಸಹಾಯ.

ಚಾಟ್‌ಜಿಪಿಟಿ ಬಳಸಬಹುದೇ ಎಂದು ಉಪನ್ಯಾಸಕರನ್ನು ಮೊದಲೇ ಕೇಳಿ. ಬೇಡವೆಂದರೆ ಬೇಡ. ಒಪ್ಪಿದರೂ ಇಡೀ ಪ್ರೋಗ್ರಾಮ್ ಕೇಳದೆ, ಪರದೆಯ ಮೇಲೆ ಬಂದ ದೋಷದ ಅರ್ಥವನ್ನಷ್ಟೇ ಕೇಳಿ.

ವೇರಿಯಬಲ್ ಹೆಸರು ಬದಲಿಸಿದರೆ ಗೊತ್ತಾಗದೆಂಬ ನಂಬಿಕೆ ಸುಳ್ಳು. ಕಂಪ್ಯೂಟರ್ ವಿಜ್ಞಾನಿ ಅಲೆಕ್ಸ್ ಐಕನ್ 1994ರಲ್ಲಿ ರೂಪಿಸಿದ ‘ಮಾಸ್’ ತಂತ್ರಾಂಶ ಹೆಸರುಗಳನ್ನು ಬಿಟ್ಟು ಕೋಡಿನ ರಚನೆಯನ್ನೇ ಹೋಲಿಸುತ್ತದೆ. ಇನ್ನೊಂದು ವಿಷಯ: ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ತಂದ ನಿಯಮಾವಳಿ ಅಸೈನ್‌ಮೆಂಟ್, ತರಗತಿ ಕೆಲಸ, ಉತ್ತರಪತ್ರಿಕೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಂದರೆ ಮೊದಲ ವರ್ಷದ ಲ್ಯಾಬಿಗೆ ನಿಮ್ಮ ಕಾಲೇಜಿನ ನಿಯಮವೇ ನಿಯಮ. ಸೆಮಿಸ್ಟರ್ ಶುರುವಿನಲ್ಲೇ ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಈಗಾಗಲೇ ನಕಲು ಮಾಡಿ ಒಪ್ಪಿಸಿದ್ದರೆ? ಸಿಕ್ಕಿಬೀಳುವ ಮೊದಲು ನೀವೇ ಹೋಗಿ ಹೇಳಿ. ಹಾರ್ವರ್ಡಿನ ಸಿಎಸ್50 ಕೋರ್ಸಿನಲ್ಲಿ 2014ರಿಂದ ಇದಕ್ಕೊಂದು ದಾರಿಯಿದೆ: 72 ಗಂಟೆಯೊಳಗೆ ತಾವಾಗಿಯೇ ಒಪ್ಪಿಕೊಂಡವರ ಆ ಕೆಲಸಕ್ಕೆ ಅಂಕ ಹೋಗಬಹುದು, ಆದರೆ ದೂರು ಶಿಸ್ತು ಸಮಿತಿಗೆ ಹೋಗದು. ನಮ್ಮ ಕಾಲೇಜುಗಳಲ್ಲೂ ಇಂಥ ಬಾಗಿಲೊಂದು ತೆರೆದಿರಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ಉಪನ್ಯಾಸಕರೂ ಪ್ರತಿ ಬ್ಯಾಚಿಗೆ ಲೆಕ್ಕ ಬದಲಿಸಿ ಕೊಡಬಹುದು. ಪಾಠದ ದರದ ಬದಲು ಮನೆಯ ಹೆಸ್ಕಾಂ ಬಿಲ್ ತಂದು ಅದಕ್ಕೆ ಪ್ರೋಗ್ರಾಮ್ ಬರೆಯಲು ಹೇಳಿದರೆ ಸೀನಿಯರ್ ರೆಕಾರ್ಡ್ ಯಾರ ಕೆಲಸಕ್ಕೂ ಬರುವುದಿಲ್ಲ.