ಎ ಜೀವಸತ್ವ ಕೊಟ್ಟರೂ ಇರುಳುಗುರುಡು ಹೋಗದಿದ್ದರೆ?



“ಸಿಸ್ಟರ್, ಎ ವಿಟಮಿನ್ ಹಾಕಿಸಿದ್ದೇವೆ. ಗಜ್ಜರಿ, ಸೊಪ್ಪು ದಿನಾ ಕೊಡುತ್ತೇವೆ. ಆದರೂ ಸಂಜೆಯಾದರೆ ಮಗು ಗೋಡೆ ಹಿಡಿದು ನಡೆಯುತ್ತದೆ. ಇನ್ನಷ್ಟು ಕೊಡೋಣವೇ?” ಎಂದು ಕೆಲವರು ಕೇಳುವುದುಂಟು. ದಯವಿಟ್ಟು ನೀವಾಗಿಯೇ ಹೆಚ್ಚು ಕೊಡಬೇಡಿ. ಏಕೆಂಬುದನ್ನು ಇಲಿಗಳ ಮೇಲೆ ನಡೆದ ಸಂಶೋಧನೆ ಚೆನ್ನಾಗಿ ತಿಳಿಸುತ್ತದೆ.

ನಮ್ಮ ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ ಎಂಬ ತೆಳುವಾದ ಪರದೆಯಿದೆ. ಮಬ್ಬು ಬೆಳಕಿನಲ್ಲಿ ನೋಡಲು ಅದರಲ್ಲಿ ಕಡ್ಡಿಯಾಕಾರದ ಜೀವಕೋಶಗಳಿವೆ. ನಾವು ತಿಂದ ಎ ಜೀವಸತ್ವ ಅಲ್ಲಿ ಬಾಗಿದ ಕೊಕ್ಕೆಯ ರೂಪದಲ್ಲಿ ಒಂದು ಪ್ರೋಟೀನಿಗೆ ಸಿಕ್ಕಿಕೊಂಡಿರುತ್ತದೆ. ಬೆಳಕು ಬಿದ್ದೊಡನೆ ಕೊಕ್ಕೆ ನೆಟ್ಟಗಾಗುತ್ತದೆ. ಆ ಸುದ್ದಿಯೇ ಮಿದುಳಿಗೆ ಹೋಗುತ್ತದೆ. ನೆಟ್ಟಗಾದದ್ದು ಮತ್ತೆ ಕೆಲಸಕ್ಕೆ ಬಾರದು. ಅದು ಪಕ್ಕದ ಪದರಕ್ಕೆ ಹೋಗಿ, ಮತ್ತೆ ಬಾಗಿ, ಹಿಂತಿರುಗಬೇಕು. ಕಣ್ಣಿನಲ್ಲಿ ಎ ಜೀವಸತ್ವದ ಈ ಕೆಲಸವನ್ನು ತಿಳಿಸಿಕೊಟ್ಟ ಜಾರ್ಜ್ ವಾಲ್ಡ್ ಅವರು 1967ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು.

ಬಾಗಿಸುವವರು ಯಾರು? 1998ರಲ್ಲಿ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ರೆಡ್ಮಂಡ್ ಮತ್ತು ಸಂಗಡಿಗರು ಆರ್.ಪಿ.ಇ.65 ಎಂಬ ಒಂದೇ ವಂಶವಾಹಿಯನ್ನು ತೆಗೆದು ಇಲಿಗಳನ್ನು ಬೆಳೆಸಿದರು. ಆ ಇಲಿಗಳಿಗೆ ಆಹಾರದ ಕೊರತೆ ಇರಲಿಲ್ಲ. ಕಣ್ಣಿನ ಪದರದಲ್ಲಿ ಎ ಜೀವಸತ್ವ ರಾಶಿ ಬಿದ್ದಿತ್ತು! ಆದರೆ ಬಾಗಿದ ರೂಪ ಮಾತ್ರ ಇಲ್ಲ. ಮನೆ ತುಂಬ ಜೋಳವಿದ್ದು ಬೀಸುವ ಕಲ್ಲು ಇಲ್ಲದಿದ್ದರೆ ರೊಟ್ಟಿ ಆದೀತೇ? ಹಾಗೆ. 2000ದಲ್ಲಿ ಇಂಥ ಇಲಿಗಳಿಗೆ ಮೊದಲೇ ಬಾಗಿದ, ಅದನ್ನೇ ಹೋಲುವ ಪದಾರ್ಥವನ್ನು ಬಾಯಿಯ ಮೂಲಕ ಕೊಟ್ಟಾಗ ಎರಡೇ ದಿನಗಳಲ್ಲಿ ಕಡ್ಡಿಕೋಶಗಳು ಬೆಳಕಿಗೆ ಸ್ಪಂದಿಸಿದವು. 2005ರಲ್ಲಿ ಬಾಗಿಸುವ ಕಿಣ್ವ ಇದೇ ಎಂದು ಖಚಿತವಾಯಿತು.

ಇದೇ ದೋಷ ಕೆಲವು ಮಕ್ಕಳಲ್ಲೂ ಇರುತ್ತದೆ. ತಂದೆ, ತಾಯಿ ಇಬ್ಬರಲ್ಲೂ ಒಂದೊಂದು ದೋಷದ ಪ್ರತಿ ಇದ್ದರೂ ಅವರ ಕಣ್ಣು ಚೆನ್ನಾಗಿಯೇ ಇರುತ್ತದೆ. ಎರಡೂ ಪ್ರತಿ ಮಗುವಿಗೆ ಬಂದರೆ ತೊಂದರೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಇದರ ಸಂಭವ ಹೆಚ್ಚು. ಆದ್ದರಿಂದ ಬಸುರಿಯಲ್ಲಿ ಸರಿಯಾಗಿ ಉಣ್ಣಲಿಲ್ಲವೆಂದು ಸೊಸೆಯನ್ನು ದೂರಬೇಡಿ.

ಚಿಕಿತ್ಸೆ ಇದೆಯೇ? 2001ರಲ್ಲಿ ಹುಟ್ಟಿನಿಂದಲೇ ಇದೇ ದೋಷವಿದ್ದ ನಾಯಿಗಳ ಕಣ್ಣಿಗೆ ಸರಿಯಾದ ವಂಶವಾಹಿಯನ್ನು ಸೇರಿಸಿ ದೃಷ್ಟಿ ತರಿಸಿದರು. 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮನುಷ್ಯರಿಗೂ ಒಪ್ಪಿಗೆ ದೊರೆಯಿತು. ಎರಡೂ ಪ್ರತಿ ಕೆಟ್ಟಿದ್ದು, ಜೀವಕೋಶಗಳು ಇನ್ನೂ ಬದುಕಿರುವವರಿಗೆ ಮಾತ್ರ ಅದು. ಮಾರುಕಟ್ಟೆಗೆ ಬಂದಾಗ ಒಂದು ಕಣ್ಣಿಗೆ 4,25,000 ಡಾಲರ್ ಬೆಲೆ! ನಮ್ಮ ಕೈಗೆ ಎಟುಕುವ ಮಾತಲ್ಲ, ನಿಜ. ಆದರೂ ಕಾಯಿಲೆ ಯಾವುದೆಂದು ತಿಳಿದಿದ್ದರೆ ಮಗುವಿನ ಓದು, ಓಡಾಟಕ್ಕೆ ಮೊದಲೇ ವ್ಯವಸ್ಥೆ ಮಾಡಬಹುದು.

ಇನ್ನೊಂದು ಬಗೆಯ ಇಲಿಯೂ ಇದೆ. ಎ.ಬಿ.ಸಿ.ಎ.4 ವಂಶವಾಹಿ ಇಲ್ಲದ ಇದಕ್ಕೆ ಹೆಚ್ಚುವರಿ ಎ ಜೀವಸತ್ವ ಕೊಟ್ಟಾಗ ಕಣ್ಣಿನ ಪದರದಲ್ಲಿ ಕೆಟ್ಟ ಕಸ ಇನ್ನೂ ಹೆಚ್ಚಿತು. ಮನುಷ್ಯರಲ್ಲಿ ಇದರ ದೋಷದಿಂದ ಸ್ಟಾರ್‌ಗಾರ್ಟ್ ಎಂಬ ಕಾಯಿಲೆ ಬರುತ್ತದೆ. ಅಂಥವರು ಎ ಜೀವಸತ್ವದ ಮಾತ್ರೆ ನುಂಗಬಾರದು.

ಹಾಗೆಂದು ಸರಕಾರದ ಹನಿಯನ್ನು ತಪ್ಪಿಸಬೇಡಿ. 9 ತಿಂಗಳಿಗೆ 1 ಲಕ್ಷ ಯೂನಿಟ್, ನಂತರ 5 ವರ್ಷದವರೆಗೆ 6 ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಹಾಕಿಸಲೇಬೇಕು. ಕೊರತೆಯಿಂದ ಬಂದ ಇರುಳುಗುರುಡು ಸರಿಯಾದ ಔಷಧಿಗೆ ಕೆಲವೇ ದಿನಗಳಲ್ಲಿ ಬಗ್ಗುತ್ತದೆ. ಬಗ್ಗದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಅಕ್ಷಿಪಟಲದ ವಿದ್ಯುತ್ತನ್ನು ಅಳೆಯುವ ಇ.ಆರ್.ಜಿ. ಪರೀಕ್ಷೆ, ಬೇಕಾದರೆ ರಕ್ತದಿಂದ ವಂಶವಾಹಿ ಪರೀಕ್ಷೆ ಮಾಡಿಸಲು ಅವರು ಹೇಳುತ್ತಾರೆ. ಅಂಗಡಿಯಿಂದ ತಂದು ಮತ್ತೆ ಮತ್ತೆ ಕೊಟ್ಟರೆ ತಲೆನೋವು, ವಾಂತಿ, ಯಕೃತ್ತಿಗೆ ಹಾನಿ. ಗರ್ಭಿಣಿ ಹೆಚ್ಚು ತೆಗೆದುಕೊಂಡರೆ ಹೊಟ್ಟೆಯ ಕೂಸಿಗೂ ಅಪಾಯ.

ಬರುವಾಗ ತಾಯಿ ಕಾರ್ಡ್, ಹಳೆಯ ಚೀಟಿಗಳು, ಈಗಾಗಲೇ ಕೊಟ್ಟ ಔಷಧಿಯ ಬಾಟಲಿ ತನ್ನಿರಿ. ಮನೆತನದಲ್ಲಿ ಯಾರಿಗಾದರೂ ಸಂಜೆ ಕಣ್ಣು ಕಾಣದಿದ್ದುದು ಅಜ್ಜಿಯರಿಗೆ ಗೊತ್ತಿರುತ್ತದೆ, ಅವರನ್ನೂ ಕೇಳಿಕೊಂಡು ಬನ್ನಿರಿ.